ನಿದ್ದೆ ಬರಿಸೋ ಕೊಳಲು, ನಿದ್ದೆ ಕೆಡಿಸೋ ಫೋನು

ನಮ್ಮ ಆಫೀಸಿನವರು ಎಲ್ಲರಿಗೂ ಒಂದು ಆಪ್ ಪುಕ್ಕಟೆ ಕೊಟ್ಟಿದ್ದಾರೆ. ಮಳೆ ಸದ್ದು, ಕೊಳಲು, ಒತ್ತಡ ನಿವಾರಣೆಗೆ ಯಮನ್ ರಾಗ! ಕೇಳ್ತಾ ಮಲಗಿದ್ರೆ ರಾತ್ರಿ 11ಕ್ಕೆ ಅದೇ ಫೋನಿಗೆ ಅದೇ ಆಫೀಸಿನ ಕರೆ...

ಸಾರಥಿಯಲ್ಲಿ ನಮ್ಮಪ್ಪ ಫ್ಯಾಕ್ಟರಿಯಿಂದ ಬಂದು, ಕೈಕಾಲು ತೊಳ್ಕೊಂಡು, ಧಾರವಾಡ ಆಕಾಶವಾಣೀಲಿ ಮನ್ಸೂರರನ್ನ ಕೇಳೋರು. ಮಲ್ಲಿಕಾರ್ಜುನ ಮನ್ಸೂರರು (1910-1992) ಹಾಡಿದ್ದು ಯಾರನ್ನೂ ಮಲಗಿಸೋಕಲ್ಲ. ಅವರ ಅಪರೂಪದ ಜೋಡುರಾಗಗಳಿಗೆ ಕಿವಿ ಎಚ್ಚರ ಇರಬೇಕು. ಅಪ್ಪನಿಗೆ ನಿದ್ದೆ ಬರ್ತಿದ್ದುದು ಪಾಳಿ ಮುಗೀತಿತ್ತಲ್ಲ, ಅದಕ್ಕೆ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಇದೆ. ಮ್ಯಾನೇಜರ್ ಕರೆಗೆ ಯಾರು ನಿಯಮ ಮಾಡ್ತಾರೆ?

ನಿಮ್ಮ ಯಮನ್ ಬೇಡ ಸ್ವಾಮಿ, ರಾತ್ರಿ ಎಂಟಕ್ಕೆ ಕೆಲಸ ನಿಲ್ಸಿ. ಹಾಡು ನಾವೇ ಹುಡುಕ್ಕೋತೀವಿ. ನೀವೇನಂತೀರಾ?