ಈ ಕಣ್ಣೀರು ಯಾರ ಮೇಲಿನದು?

1994ರಲ್ಲಿ ರುವಾಂಡಾದ ನ್ಯಾಮಾಟಾ ಚರ್ಚ್‌ನಲ್ಲಿ ಆಶ್ರಯ ಪಡೆದ ಸಾವಿರಾರು ಟುಟ್ಸಿಗಳನ್ನು ಕೊಲ್ಲಲಾಯಿತು. ಇಂದು ಅದು ಸ್ಮಾರಕ. ಗೊರಿಲ್ಲಾ ನೋಡಲು ಬಂದ ಪಾಶ್ಚಾತ್ಯ ಪ್ರವಾಸಿಗರು ಇಲ್ಲಿಗೂ ಬಂದು, ತಲೆಬುರುಡೆಗಳ ಮುಂದೆ ಕಣ್ಣೊರೆಸಿಕೊಂಡು, ‘ಬುಡಕಟ್ಟು ದ್ವೇಷ’ ಎಂದು ನಿಟ್ಟುಸಿರಿಡುತ್ತಾರೆ. ಎಂಥ ಅನುಕೂಲಕರ ನಿಟ್ಟುಸಿರು! ಗುರುತು ಚೀಟಿಯಲ್ಲಿ ಹುಟು, ಟುಟ್ಸಿ ಎಂದು ನಮೂದಿಸುವ ಪದ್ಧತಿ ತಂದದ್ದು 1930ರ ದಶಕದ ಬೆಲ್ಜಿಯಂ ಆಡಳಿತವಲ್ಲವೇ? ರಸ್ತೆ ತಡೆಗಳಲ್ಲಿ ಕೊಲೆಗಡುಕರು ಕೇಳಿದ್ದು ಆ ಚೀಟಿಯನ್ನೇ. ಹತ್ಯಾಕಾಂಡ ಆರಂಭವಾಗಿ ಎರಡೇ ವಾರಗಳಲ್ಲಿ, ಏಪ್ರಿಲ್ 21ರಂದು, ಭದ್ರತಾ ಮಂಡಳಿಯು ತನ್ನ ಶಾಂತಿಪಾಲನಾ ಪಡೆಯನ್ನು 270ಕ್ಕೆ ಇಳಿಸಲು ನಿರ್ಣಯಿಸಿತು. ಮುರಂಬಿಯ ಸ್ಮಾರಕದಲ್ಲಿ, ಬಳಿಕ ಬಂದ ಫ್ರೆಂಚ್ ಸೈನಿಕರು ಸಾಮೂಹಿಕ ಗೋರಿಯ ಬಳಿ ವಾಲಿಬಾಲ್ ಆಡಿದರೆಂದು ಹೇಳುವ ಫಲಕವಿದೆ. ಪ್ರವಾಸಿಗರು ಅದನ್ನೂ ಓದಲಿ. ಫ್ರಾನ್ಸ್‌ನ ಹೊಣೆ ಗುರುತರವಾದುದೆಂದು ಅದರದೇ ಇತಿಹಾಸಕಾರರ ಆಯೋಗ ಹೇಳಲು 2021 ಬರಬೇಕಾಯಿತು.