ಸಾಕ್ಷಿಯಿಲ್ಲದ ಸಾಲ

ಸಂಜೆ ತರಕಾರಿ ಕೊಂಡು ಮನೆಗೆ ಬಂದ ಗೃಹಸ್ಥರು ಚಿಲ್ಲರೆಯನ್ನು ಎಣಿಸಿ ನೋಡುತ್ತಾರೆ. ಅಂಗಡಿಯವನು ಮರೆತು ಹತ್ತು ರೂಪಾಯಿ ಹೆಚ್ಚಾಗಿ ಕೊಟ್ಟಿದ್ದಾನೆ. ಮತ್ತೆ ಚಪ್ಪಲಿ ಮೆಟ್ಟಿ, ಬೀದಿಯ ಕೊನೆಯವರೆಗೆ ನಡೆದು, ಅದನ್ನು ಹಿಂದಿರುಗಿಸಿ ಬರುತ್ತಾರೆ. ಮಕ್ಕಳು ನೋಡುತ್ತಿರುತ್ತಾರೆ, ಬಾಯಿ ತೆರೆಯದೆಯೇ ಒಂದು ಪಾಠ ಹೇಳಿದಂತಾಯಿತು. ಅದೇ ರಾತ್ರಿ ಊಟವಾದ ಮೇಲೆ, ಹಿಂದಿನ ಶುಕ್ರವಾರವಷ್ಟೇ ತೆರೆಕಂಡ ಚಿತ್ರವೊಂದು ಆ ಮನೆಯ ಟೆಲಿವಿಷನ್ನಿನಲ್ಲಿ ಮೂಡುತ್ತದೆ. ಯಾರೋ ಕದ್ದು ಮಾಡಿದ ಪ್ರತಿ. ಸ್ನೇಹಿತರ ಮೂಲಕ ಬಂದದ್ದು. “ಇದಕ್ಕೆ ಯಾರಿಗೆ ದುಡ್ಡು ಕೊಟ್ಟೆವು, ಅಪ್ಪಾ?” ಎಂದು ಕಿರಿಯ ಮಗಳು ಕೇಳಿದರೆ ಗೃಹಸ್ಥರಿಗೆ ಉತ್ತರ ತೋಚುವುದಿಲ್ಲ.

ಉತ್ತರವಿಲ್ಲದಿದ್ದರೂ ಸಮರ್ಥನೆಗಳಿಗೆ ಬಡತನವಿಲ್ಲ. ತರಕಾರಿ ಕದ್ದರೆ ಅಂಗಡಿಯ ಬುಟ್ಟಿ ಬರಿದಾಗುತ್ತದೆ. ಹಾಡನ್ನು ನಕಲು ಮಾಡಿಕೊಂಡರೆ ಮೂಲವು ಇದ್ದಲ್ಲಿಯೇ ಇರುತ್ತದೆ. ದೀಪದಿಂದ ದೀಪ ಹಚ್ಚಿಕೊಂಡರೆ ಯಾರಿಗೆ ನಷ್ಟ? ಮಾತು ಸೊಗಸಾಗಿದೆ. ಆದರೆ ಮೊದಲನೆಯ ದೀಪಕ್ಕೆ ಎಣ್ಣೆ ಎರೆದವನೊಬ್ಬನಿದ್ದಾನೆ. ಅವನು ಕಳೆದುಕೊಂಡದ್ದು ಬೆಳಕನ್ನಲ್ಲ, ಎಣ್ಣೆಯ ಬೆಲೆಯನ್ನು.

ಇಳಿಸಿಕೊಂಡದ್ದೆಲ್ಲವೂ ಪಾಪವೆಂದು ಹೇಳುವುದೂ ಸರಿಯಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗಳಿಗಾಗಿ ಹಾಡಿದರು. ಮುಂದೆ 1928ರಲ್ಲಿ ಮೈಸೂರಿನ ಅರಮನೆಯ ಗಾಯಕಿಯಾಗಿ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅಂದಿನ ತಟ್ಟೆಗಳಲ್ಲಿ ಹಾಡು ಮುಗಿಯುತ್ತಲೇ ಆಕೆ ತಮ್ಮ ಹೆಸರನ್ನು ತಾವೇ ಹೇಳುವುದು ಕೇಳಿಸುತ್ತದೆ. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಷ್ಟೆ. ಈ ದೇಶದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳವರೆಗೆ ಮಾತ್ರ. ಆದ್ದರಿಂದ ಆ ಹಳೆಯ ತಟ್ಟೆಯ ಹಾಡನ್ನು ಇಂದು ಯಾರು ಇಳಿಸಿಕೊಂಡರೂ ತಪ್ಪಿಲ್ಲ. ಆದರೆ ಕೊನೆಯಲ್ಲಿ ಕೇಳುವ ಆ ಹೆಸರು ಒಂದು ಸಂಗತಿಯನ್ನು ನೆನಪಿಗೆ ತರುತ್ತದೆ: ಯಂತ್ರದ ಹಿಂದೆ ಒಬ್ಬ ಮನುಷ್ಯರಿದ್ದಾರೆ.

“ಕೊಟ್ಟ ಹಣ ಕಲಾವಿದನಿಗೆ ಸೇರುವುದೆಲ್ಲಿ? ಎಲ್ಲವೂ ಕಂಪನಿಯ ಪಾಲು” ಎಂಬುದು ಎರಡನೆಯ ಸಮರ್ಥನೆ. ಇದರಲ್ಲಿ ಬಹುಕಾಲ ಹುರುಳಿತ್ತು. ಹಾಡು ಬರೆದವರೂ ರಾಗ ಹಾಕಿದವರೂ ಒಮ್ಮೆ ಸಂಭಾವನೆ ಪಡೆದು ಹಕ್ಕನ್ನೆಲ್ಲ ಬರೆದುಕೊಟ್ಟುಬಿಡುವುದೇ ಚಿತ್ರರಂಗದ ವಾಡಿಕೆಯಾಗಿತ್ತು. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ ಇದನ್ನು ಬದಲಿಸಿತು. ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಬರುವುದನ್ನುಳಿದು, ಬೇರೆ ಬಳಕೆಗಳಿಂದ ಬರುವ ಗೌರವಧನದಲ್ಲಿ ಗೀತರಚನಕಾರರಿಗೂ ಸಂಗೀತ ನಿರ್ದೇಶಕರಿಗೂ ಸಮಪಾಲಿನ ಹಕ್ಕುಂಟು; ಅದನ್ನು ಬಿಟ್ಟುಕೊಡುವ ಕರಾರು ನಿಲ್ಲುವುದಿಲ್ಲ. ಪಾಲು ಸರಿಯಾಗಿ ಹಂಚಿಕೆಯಾಗುವುದೇ ಎಂಬ ಪ್ರಶ್ನೆ ಬೇರೆ. ಗಂಟೇ ಬಾರದಿದ್ದರೆ ಹಂಚುವುದೇನನ್ನು?

ಮೂರನೆಯ ದೂರು ಬೆಲೆಯದು, ಅನುಕೂಲದ್ದು. ಇದರಲ್ಲಿ ಮಾರುವವರ ತಪ್ಪೂ ಇಲ್ಲದಿಲ್ಲ. ಅಮೆರಿಕದಲ್ಲಿ 1999ರಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ಹಾಡುಗಳ ಪುಕ್ಕಟೆ ವಿನಿಮಯಕ್ಕೆ ದಾರಿ ತೆರೆಯಿತು. 2001ರಲ್ಲಿ ನ್ಯಾಯಾಲಯದ ಆಜ್ಞೆಗೆ ಮಣಿದು ನಿಂತಿತು. ಅದರ ಜಾಗದಲ್ಲಿ ಬೇರೆ ಪುಕ್ಕಟೆ ದಾರಿಗಳು ಹುಟ್ಟಿದವು. ಆದರೂ 2003ರಲ್ಲಿ ಆಪಲ್ ಕಂಪನಿಯು ಹಾಡೊಂದಕ್ಕೆ 99 ಸೆಂಟಿನಂತೆ ಮಾರತೊಡಗಿದಾಗ, ಮೊದಲ ವಾರದಲ್ಲಿಯೇ ಹತ್ತು ಲಕ್ಷ ಹಾಡುಗಳು ಖರ್ಚಾದವು. ನ್ಯಾಯವಾದ ಬೆಲೆಗೆ, ಸುಲಭವಾಗಿ ಸಿಕ್ಕರೆ ಕೊಡುವ ಮನಸ್ಸುಳ್ಳವರು ಅನೇಕರೆಂಬುದು ಇದರಿಂದ ತಿಳಿಯುತ್ತದೆ.

ಕನ್ನಡದಲ್ಲಿಯೂ ಇಂಥ ಒಂದು ನಿದರ್ಶನವುಂಟು. 2013ರಲ್ಲಿ ತೆರೆಗೆ ಬಂದ ‘ಲೂಸಿಯಾ’ ಚಿತ್ರಕ್ಕೆ ನಿರ್ದೇಶಕ ಪವನ್ ಕುಮಾರ್ ಅಂತರ್ಜಾಲದ ಮೂಲಕವೇ ಪ್ರೇಕ್ಷಕರಿಂದ ಬಂಡವಾಳ ಕೇಳಿದರು. ನೂರಕ್ಕೂ ಹೆಚ್ಚು ಮಂದಿ ಸೇರಿ ಸುಮಾರು ಅರ್ಧ ಕೋಟಿ ರೂಪಾಯಿ ಕೂಡಿಸಿದರು. ಪುಕ್ಕಟೆ ಪ್ರತಿಗಳು ಹರಿದುಬರುವ ಕಾಲುವೆಯಲ್ಲಿಯೇ, ಇನ್ನೂ ಹುಟ್ಟದಿದ್ದ ಚಿತ್ರವೊಂದಕ್ಕೆ ಹಣವೂ ಹರಿಯಿತು.

ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರು ಪ್ರತಿಯೊಂದು ಚಿತ್ರಕ್ಕೂ ಮನೆಮಂದಿಗೆಲ್ಲ ಟಿಕೀಟು ಕೊಳ್ಳಲಾರರು, ನಿಜ. ಆದರೆ ಕದಿಯುವುದಕ್ಕೂ ಕೊಳ್ಳುವುದಕ್ಕೂ ನಡುವೆ ಕಾಯುವುದೆಂಬ ಮೂರನೆಯ ದಾರಿಯಿದೆ. ಇಂದಿನ ಚಿತ್ರ ಕೆಲವು ತಿಂಗಳಲ್ಲಿ ಮನೆಯ ಪರದೆಗೇ ನ್ಯಾಯವಾಗಿ ಬರುವುದುಂಟು. ಜಾಹೀರಾತಿನ ಬಲದಿಂದ ಹಾಡುಗಳನ್ನು ಪುಕ್ಕಟೆಯಾಗಿಯೇ ಕೇಳಿಸುವ ಸಕ್ರಮ ಸೇವೆಗಳೂ ಇವೆ.

ಕಾನೂನಿನಲ್ಲಿ ಸೆರೆಮನೆಯ ಶಿಕ್ಷೆಯುಂಟು. ಆದರೆ ಪೊಲೀಸರು ಹುಡುಕುವುದು ಪ್ರತಿ ಮಾಡಿ ಹಂಚುವವರನ್ನು. ನಡುಮನೆಯಲ್ಲಿ ಕುಳಿತು ನೋಡುವವರ ಬಾಗಿಲನ್ನು ಯಾರೂ ತಟ್ಟಲಾರರು. ಗೃಹಸ್ಥರು ಹತ್ತು ರೂಪಾಯಿ ಹಿಂದಿರುಗಿಸಿದಾಗಲೂ ಯಾರೂ ಬಾಗಿಲು ತಟ್ಟಿರಲಿಲ್ಲ. ಅಂಗಡಿಯವನ ಮುಖ ಅವರಿಗೆ ಪರಿಚಿತವಾಗಿತ್ತು. ಹಾಡು ಬರೆದವನ, ಬೆಳಕು ಹಿಡಿದವನ, ತಂತಿ ಮೀಟಿದವನ ಮುಖ ಪರಿಚಿತವಲ್ಲ. ಇರುವ ವ್ಯತ್ಯಾಸ ಅಷ್ಟೇ. ಮಗಳು ಕೇಳಿದ ಪ್ರಶ್ನೆ ಮಾತ್ರ ಇನ್ನೂ ಉತ್ತರಕ್ಕಾಗಿ ಕಾದಿದೆ.