ಬಚ್ಚಲಮನೆಗೂ ಬರಲಿ ದಯೆ

ಅಂಗಡಿಯಿಂದ ಬಿಸ್ಕತ್ತಿನ ಪೊಟ್ಟಣ ತಂದರೂ ಅದರ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನಾವು ನೋಡುತ್ತೇವೆ. ಅಡುಗೆಮನೆಯ ವಿಷಯದಲ್ಲಿ ಹಿರಿಯರು ನಮಗೆ ಕಲಿಸಿದ ಎಚ್ಚರವದು. ಆದರೆ ಇಷ್ಟಲಿಂಗ ಪೂಜೆಗೆ ಮುನ್ನ ಸ್ನಾನಕ್ಕೆ ಬಳಸುವ ಸಾಬೂನು, ಮಕ್ಕಳ ಕೆನ್ನೆಗೆ ಸವರುವ ಕ್ರೀಮು, ಮದುವೆಯಲ್ಲಿ ಮಗಳು ತುಟಿಗೆ ಹಚ್ಚುವ ಬಣ್ಣ, ಇವುಗಳಲ್ಲಿ ನಮಗೆ ಆ ಎಚ್ಚರವಿದೆಯೇ?

ಸೌಂದರ್ಯ ಸಾಮಗ್ರಿಗಳ ಹಿಂದೆ ಮೂಕಪ್ರಾಣಿಗಳ ಸಂಕಟದ ಕಥೆಯಿದೆ. 1944ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಡ್ರೈಜ್ ಪರೀಕ್ಷೆ’ಯಲ್ಲಿ ಮೊಲದ ಕಣ್ಣಿಗೆ ವಸ್ತುವನ್ನು ಹಾಕಿ, ಅದರಿಂದಾಗುವ ಕೆಂಪು, ಬಾವು, ಹುಣ್ಣುಗಳನ್ನು ದಿನಗಟ್ಟಲೆ ಗಮನಿಸುತ್ತಿದ್ದರು. ನಮ್ಮ ದೇಶವು 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ಅದೇ ವರ್ಷ ತಡೆಯಿತು. ಇದು ನಾವೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ.

ಪ್ರಾಣಿಗಳ ಮೇಲೆ ಪರೀಕ್ಷಿಸದ ವಸ್ತು ಸುರಕ್ಷಿತವೇ ಎಂದು ಕೆಲವರು ಕೇಳುತ್ತಾರೆ. ಇಂದು ಪ್ರಯೋಗಾಲಯದಲ್ಲಿ ಮಾನವನ ಜೀವಕೋಶಗಳಿಂದ ಬೆಳೆಸಿದ ಚರ್ಮದ ಪದರದ ಮೇಲೆಯೇ ಉರಿ, ತುರಿಕೆ ತರುವ ಗುಣವನ್ನು ಪರೀಕ್ಷಿಸಬಹುದು. ಮನುಷ್ಯನ ಚರ್ಮದ ಪ್ರಶ್ನೆಗೆ ಮೊಲದ ಕಣ್ಣು ಉತ್ತರಿಸಬೇಕಾಗಿಲ್ಲ.

ಆದರೆ ಕಾನೂನಿನಿಂದಲೇ ಎಲ್ಲವೂ ಮುಗಿಯುವುದಿಲ್ಲ. ಎಲ್ಲ ದೇಶಗಳಲ್ಲೂ ಇಂಥ ನಿಷೇಧವಿಲ್ಲ. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಡುವ ವಸ್ತುಗಳ ಮೇಲೆ ‘ಲೀಪಿಂಗ್ ಬನ್ನಿ’ ಎಂಬ ಜಿಗಿಯುವ ಮೊಲದ ಗುರುತಿದೆಯೇ ಎಂದು ನೋಡುವುದು ಒಳ್ಳೆಯದು. ಇನ್ನೊಂದು ಮಾತನ್ನೂ ಮರೆಯಬಾರದು: ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲವೆಂದ ಮಾತ್ರಕ್ಕೆ ಅದರಲ್ಲಿ ಪ್ರಾಣಿಜನ್ಯ ಪದಾರ್ಥವಿಲ್ಲವೆಂದು ಅರ್ಥವಲ್ಲ. ಸಾಬೂನಿನ ಹೊದಿಕೆಯ ಮೇಲೆ ‘ಸೋಡಿಯಂ ಟ್ಯಾಲೋವೇಟ್’ ಎಂದಿದ್ದರೆ ಅದು ಪ್ರಾಣಿಯ ಕೊಬ್ಬಿನಿಂದ ಬಂದದ್ದು. ತುಟಿಬಣ್ಣದಲ್ಲಿ ‘ಕಾರ್ಮೈನ್’ ಅಥವಾ ‘ಸಿ.ಐ. 75470’ ಎಂದಿದ್ದರೆ ಆ ಕೆಂಪು ಒಣಗಿಸಿದ ಕೀಟಗಳಿಂದ ತೆಗೆದದ್ದು.

ಮನೆಯ ಕಡಲೆಹಿಟ್ಟು, ಸೀಗೆಕಾಯಿ, ಅಂಟುವಾಳ ಇಂದಿಗೂ ನಮ್ಮ ಕೈಗೆಟುಕುವಂಥವು. ಆದರೂ ನೈಸರ್ಗಿಕವಾದುದೆಲ್ಲ ಎಲ್ಲರ ಮೈಗೂ ಒಗ್ಗುತ್ತದೆಂದು ಭಾವಿಸುವುದು ತಪ್ಪು. ಸೀಗೆಪುಡಿ ಕಣ್ಣಿಗೆ ಬಿದ್ದರೆ ಉರಿಯುತ್ತದೆ, ನಿಂಬೆರಸ ಕೆಲವರ ಮುಖವನ್ನು ಸುಡುತ್ತದೆ. ಹೊಸದಾಗಿ ಏನನ್ನೇ ಬಳಸುವ ಮುನ್ನ ಮೊಣಕೈಯ ಒಳಭಾಗಕ್ಕೆ ತುಸು ಹಚ್ಚಿ, ಒಂದೆರಡು ದಿನ ಕಾದು ನೋಡಬೇಕು. ತುರಿಕೆಯೋ ಗುಳ್ಳೆಯೋ ಕಂಡರೆ ಅದನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

ಮನೆಯಲ್ಲಿರುವುದನ್ನೆಲ್ಲ ಎಸೆಯಿರಿ ಎಂದು ನಾವು ಹೇಳುತ್ತಿಲ್ಲ, ಅದು ದುಂದು. ಮುಂದಿನ ಬಾರಿ ಕೊಳ್ಳುವಾಗ ಹೊದಿಕೆಯನ್ನು ತಿರುಗಿಸಿ ಓದೋಣ. ಮಠದ ಪ್ರಸಾದ ನಿಲಯದ ಮಕ್ಕಳಿಗೆ ಸಾಬೂನು, ಎಣ್ಣೆ ಕೊಡಿಸುವ ಸದ್ಭಕ್ತರೂ ಇದನ್ನು ಗಮನಿಸಿದರೆ ಆ ದಾಸೋಹ ಇನ್ನಷ್ಟು ಶುದ್ಧವಾಗುತ್ತದೆ. ಶರಣರು ದಯೆಯನ್ನು ಧರ್ಮದಿಂದ ಎಂದೂ ಬೇರ್ಪಡಿಸಲಿಲ್ಲ. ಊಟದ ತಟ್ಟೆಯಲ್ಲಿ ಪಾಲಿಸುವ ದಯೆಯನ್ನು ಬಚ್ಚಲಮನೆಯ ಗೂಡಿನಲ್ಲಿ ಮರೆತರೆ ನಮ್ಮ ಆಚಾರ ಅರ್ಧಕ್ಕೇ ನಿಂತಂತೆ.